ಆಗಸ್ಟ್ 22ರಂದು ನಿಜಕ್ಕೂ ನಡೆದದ್ದೇನು?

ಆಗಸ್ಟ್ ಮೂರನೇ ವಾರ ಬಂತೆಂದರೆ ಚೆನ್ನೈಗೆ ಹುಟ್ಟುಹಬ್ಬದ ಸಡಗರ. ಮೈಲಾಪುರದ ದೇವಸ್ಥಾನದ ಸುತ್ತಲಿನ ಬೀದಿಗಳಲ್ಲಿ, ಜಾರ್ಜ್ ಟೌನಿನ ಇಕ್ಕಟ್ಟು ಓಣಿಗಳಲ್ಲಿ ಹಳೆಯ ಕಟ್ಟಡ ನೋಡುತ್ತಾ ಸಾಗುವ ನಡಿಗೆಗಳು. ಎಲ್ಲೋ ಒಂದು ಕಡೆ ಹಳೆಯ ಫೋಟೊಗಳ ಪ್ರದರ್ಶನ, ಇನ್ನೊಂದು ಕಡೆ ಉಪನ್ಯಾಸ, ರಸಪ್ರಶ್ನೆ. 2004ರಲ್ಲಿ ಎಸ್. ಮುತ್ತಯ್ಯ, ಶಶಿ ನಾಯರ್ ಮತ್ತು ವಿನ್ಸೆಂಟ್ ಡಿಸೋಜ ಸೇರಿ ಹುಟ್ಟುಹಾಕಿದ ‘ಮದ್ರಾಸ್ ಡೇ’ ಈಗ ಒಂದು ದಿನದ ಕಾರ್ಯಕ್ರಮವಾಗಿ ಉಳಿದಿಲ್ಲ, ವಾರಗಟ್ಟಲೆ ನಡೆಯುತ್ತದೆ. ಈ ಹುರುಪಿನಲ್ಲಿ ಯಾರಾದರೂ ಕನ್ನಡ ವಿಕಿಪೀಡಿಯದಂಥ ಸಮುದಾಯದ ವಿಶ್ವಕೋಶವನ್ನು ತೆರೆದು, ಮುಖಪುಟದ ‘ಇತಿಹಾಸದಲ್ಲಿ ಈ ದಿನ’ದ ಪಟ್ಟಿಗೆ ಒಂದು ಸಾಲು ಸೇರಿಸಲು ಕೂತರೆ ಕೀಲಿಮಣೆಯಿಂದ ಮೊದಲು ಹೊರಡುವ ಸಾಲು ಹೀಗಿರುತ್ತದೆ:

1639: ಚೆನ್ನೈ ನಗರದ ಸ್ಥಾಪನೆ.

ಇರುವುದೇ ಮೂರು ಪದ. ಮೂರಕ್ಕೂ ತಕರಾರಿದೆ. ಊರಿನ ಅಧಿಕೃತ ಹೆಸರು ಚೆನ್ನೈ ಎಂದಾದದ್ದು 1996ರಲ್ಲಿ. 1639ರಲ್ಲಿ ಅಲ್ಲಿ ನಗರವೂ ಇರಲಿಲ್ಲ; ಇದ್ದದ್ದು ಕಡಲಂಚಿನ ಮರಳು ಪಟ್ಟಿ ಮತ್ತು ಮೀನುಗಾರರ ಹಳ್ಳಿ. ಇನ್ನು ‘ಸ್ಥಾಪನೆ’ಯ ಮಾತಿಗೆ ಬಂದರೆ, ಇಂದಿನ ಚೆನ್ನೈಯೊಳಗೇ ಇರುವ ತಿರುವಲ್ಲಿಕ್ಕೇಣಿಯ ಪಾರ್ಥಸಾರಥಿ ದೇವಸ್ಥಾನದಲ್ಲಿ ಪಲ್ಲವ ದೊರೆ ದಂತಿವರ್ಮನ ಶಾಸನವಿದೆ. ಪಕ್ಕದ ಸ್ಯಾನ್ ತೋಮ್‌ನಲ್ಲಿ ಪೋರ್ಚುಗೀಸರು 16ನೇ ಶತಮಾನದಲ್ಲೇ ನೆಲೆಯೂರಿದ್ದರು. ಸಾವಿರ ವರ್ಷದ ಊರಿಗೆ ಇಂಗ್ಲಿಷರ ಕೋಟೆಯಿಂದ ಜನ್ಮಪತ್ರ ಬರೆಯುವುದನ್ನು ಚೆನ್ನೈಯ ಎಷ್ಟೋ ಇತಿಹಾಸಪ್ರಿಯರೇ ಒಪ್ಪುವುದಿಲ್ಲ.

ಹಾಗಾದರೆ ಆ ದಿನ ನಡೆದದ್ದೇನು? ವಿಜಯನಗರದ ಅರವೀಡು ಮನೆತನದ ಅರಸ ಚಂದ್ರಗಿರಿಯಿಂದ ಆಳುತ್ತಿದ್ದ ಕಾಲವದು. ಅವನ ಕೈಕೆಳಗೆ ಈ ಕರಾವಳಿಯನ್ನು ನೋಡಿಕೊಳ್ಳುತ್ತಿದ್ದವನು ದಾಮರ್ಲ ವೆಂಕಟಾದ್ರಿ ನಾಯಕ. ಈಸ್ಟ್ ಇಂಡಿಯಾ ಕಂಪನಿಯ ಫ್ರಾನ್ಸಿಸ್ ಡೇ ಇವನೊಂದಿಗೆ ಮಾತುಕತೆ ನಡೆಸಿ, ಮದರಾಸಪಟ್ಟಣದಲ್ಲಿ ಕೋಟೆ ಕಟ್ಟಿಕೊಂಡು ವ್ಯಾಪಾರ ಮಾಡಲು ಅನುಮತಿಪತ್ರ ಪಡೆದ. ಮಾತುಕತೆಯ ಹಿಂದೆ ನಿಂತಿದ್ದವನು ಡೇಯ ಮೇಲಧಿಕಾರಿ ಆಂಡ್ರ್ಯೂ ಕೋಗನ್. ನಾಯಕನ ತಂದೆ ಚೆನ್ನಪ್ಪನ ಹೆಸರಿನಿಂದಲೇ ಚೆನ್ನಪಟ್ಟಣ ಎಂಬ ಹೆಸರು ಬಂತು ಎಂಬುದು ಹೆಚ್ಚು ಪ್ರಚಲಿತವಾದ ವಿವರಣೆ. ಇಷ್ಟನ್ನು ತಿಳಿದ ಮೇಲೆ ಸಾಲು ತಾನಾಗಿ ಬದಲಾಗುತ್ತದೆ:

1639: ಮದರಾಸಪಟ್ಟಣದಲ್ಲಿ ಕೋಟೆ ಕಟ್ಟಿಕೊಳ್ಳಲು ದಾಮರ್ಲ ವೆಂಕಟಾದ್ರಿ ನಾಯಕ ಈಸ್ಟ್ ಇಂಡಿಯಾ ಕಂಪನಿಗೆ ಅನುಮತಿ ಕೊಟ್ಟ. ಈ ದಿನವನ್ನು ಈಗ ‘ಮದ್ರಾಸ್ ಡೇ’ ಎಂದು ಆಚರಿಸಲಾಗುತ್ತದೆ.

ಕೊಟ್ಟವನು ಯಾರು, ಪಡೆದವರು ಯಾರು, ಏನನ್ನು ಎಂಬುದೆಲ್ಲ ಸಾಲಿನೊಳಗೆ ಬಂತು. ದಿನಾಚರಣೆಯ ಸಾಲಿನಲ್ಲಿ ಎಲ್ಲಕ್ಕಿಂತ ಹೆಚ್ಚು ಕೆಲಸ ಮಾಡುವುದು ಕ್ರಿಯಾಪದ. ಅಂದು ಏನಾಯಿತೋ ಅದರ ಕ್ರಿಯಾಪದವನ್ನೇ ಹುಡುಕಿ ಹಾಕಬೇಕು. ಆಮೇಲೆ ಏನಾಯಿತು, ಇಂದು ನಾವು ಅದನ್ನು ಏನೆಂದು ಕರೆಯುತ್ತೇವೆ ಎಂಬುದರ ಕ್ರಿಯಾಪದವನ್ನಲ್ಲ. ‘ಕೊಂಡರು’ ಎಂದು ಬರೆಯುವವರೂ ಇದ್ದಾರೆ. ನಾಯಕ ಕೊಟ್ಟದ್ದು ಸವಲತ್ತಿನ ಪತ್ರ, ಕ್ರಯಪತ್ರವಲ್ಲ.

ತಾರೀಖಿನ ಕಥೆ ಇನ್ನೂ ಮುಗಿದಿಲ್ಲ. ಹಳೆಯ ದಾಖಲೆಯಲ್ಲಿ ಕಾಣುವುದು ಜುಲೈ 22. ಆದರೆ ಡೇ ಮದರಾಸಿನ ತೀರಕ್ಕೆ ಬಂದದ್ದೇ ಜುಲೈ 27ಕ್ಕೆ. ಬರುವ ಮುಂಚೆಯೇ ಪತ್ರ ಕೈಗೆ ಸಿಕ್ಕಿರಲು ಸಾಧ್ಯವಿಲ್ಲವಾದ್ದರಿಂದ ಇತಿಹಾಸಕಾರರು ತಿಂಗಳನ್ನು ಆಗಸ್ಟ್ ಎಂದು ತಿದ್ದಿ ಓದುತ್ತಾರೆ. ಅಂದರೆ ನಗರವೆಲ್ಲ ಆಚರಿಸುವ ಈ ದಿನ ದಾಖಲೆಯಿಂದ ನೇರವಾಗಿ ಎತ್ತಿಕೊಂಡದ್ದಲ್ಲ, ವಿದ್ವಾಂಸರು ತರ್ಕದಿಂದ ತಲುಪಿದ್ದು. ಆ ಸಂಗತಿಯನ್ನು ಮುಖಪುಟದ ಒಂದು ಸಾಲಿನಲ್ಲಿ ತುರುಕಬೇಕಾಗಿಲ್ಲ. ಲೇಖನದೊಳಗೆ ಮಾತ್ರ ಅದು ಉಲ್ಲೇಖ ಸಮೇತ ಇರಲೇಬೇಕು, ಓದುಗ ಕೊಂಡಿ ಒತ್ತಿ ಹೋದಾಗ ಸಿಗಬೇಕು.

ಮೊದಲು ಲೇಖನ, ಆಮೇಲೆ ಸಾಲು

ಹೊಸದಾಗಿ ಈ ಕೆಲಸಕ್ಕೆ ಇಳಿಯುವವರು ಸಾಮಾನ್ಯವಾಗಿ ಉಲ್ಟಾ ಹೋಗುತ್ತಾರೆ. ಎಲ್ಲೋ ವಾಟ್ಸ್ಆ್ಯಪ್‌ನಲ್ಲಿ ಓದಿದ ದಿನಾಂಕ ಹಿಡಿದು ಸಾಲು ಬರೆಯುತ್ತಾರೆ, ಆಮೇಲೆ ಲೇಖನ ಇದೆಯೇ ಎಂದು ನೋಡುತ್ತಾರೆ. ವಿಕಿಪೀಡಿಯದ ಇಂಗ್ಲಿಷ್ ಆವೃತ್ತಿಯಲ್ಲಿ ಬೆಳೆದುಬಂದಿರುವ ಪದ್ಧತಿ ಕಟ್ಟುನಿಟ್ಟಾದದ್ದು: ಪ್ರತಿ ಸಾಲಿನಲ್ಲಿ ಒಂದು ಲೇಖನದ ಕೊಂಡಿ ದಪ್ಪಕ್ಷರದಲ್ಲಿರುತ್ತದೆ, ಆ ಲೇಖನದೊಳಗೆ ಅದೇ ದಿನಾಂಕ ಉಲ್ಲೇಖದೊಂದಿಗೆ ಇರಬೇಕು, ಲೇಖನ ಬರೀ ಚುಟುಕಾಗಿರಬಾರದು, ‘ಉಲ್ಲೇಖ ಬೇಕಾಗಿದೆ’ ಎಂಬಂಥ ಎಚ್ಚರಿಕೆಯ ಪಟ್ಟಿ ಅದರ ತಲೆಯ ಮೇಲೆ ತೂಗುತ್ತಿರಬಾರದು. ಮುಖಪುಟ ಎಂಬುದು ಮನೆಯ ಜಗಲಿ ಇದ್ದಂತೆ. ಬಂದವರು ಅಲ್ಲಿಂದ ಒಳಗೆ ಹೋಗುತ್ತಾರೆ, ಒಳಗೆ ಏನೂ ಇಲ್ಲದಿದ್ದರೆ ಜಗಲಿಯ ಅಂದಕ್ಕೆ ಅರ್ಥವಿಲ್ಲ.

ಕನ್ನಡ ವಿಕಿಪೀಡಿಯ ಶುರುವಾದದ್ದು 2003ರಲ್ಲಿ. ಇಂಗ್ಲಿಷಿನಷ್ಟು ಕೈಗಳು ಇಲ್ಲಿ ಇಲ್ಲ. ಹಾಗಾಗಿ ಅಷ್ಟೇ ಬಿಗಿ ನಿಯಮ ಹಾಕಿದರೆ ಎಷ್ಟೋ ದಿನ ಪಟ್ಟಿ ಖಾಲಿ ಉಳಿದೀತು ಎಂಬ ವಾದವಿದೆ. ವಾದದಲ್ಲಿ ಹುರುಳಿದೆ, ಆದರೂ ದಿನಾಂಕಕ್ಕೆ ಉಲ್ಲೇಖ ಬೇಕೆಂಬ ಒಂದು ನಿಯಮವನ್ನು ಸಡಿಲಿಸಿದರೆ ಮಿಕ್ಕದ್ದೆಲ್ಲ ವ್ಯರ್ಥ. ಐದು ಅನುಮಾನದ ಸಾಲುಗಳಿಗಿಂತ ಎರಡು ಗಟ್ಟಿ ಸಾಲುಗಳು ಮೇಲು.

ಉಲ್ಲೇಖದ ವಿಷಯದಲ್ಲೂ ಒಂದು ಗುಂಡಿ ಇದೆ. ಪತ್ರಿಕೆಯ ‘ಇತಿಹಾಸದಲ್ಲಿ ಇಂದು’ ಅಂಕಣಗಳು, ಸ್ಪರ್ಧಾತ್ಮಕ ಪರೀಕ್ಷೆಯ ಗೈಡುಗಳು, ನಿತ್ಯ ಒಂದು ಚಿತ್ರ ಹಾಕುವ ಸಾಮಾಜಿಕ ಜಾಲತಾಣದ ಪುಟಗಳು ಬಹಳ ಸಲ ವಿಕಿಪೀಡಿಯದಿಂದಲೇ ದಿನಾಂಕ ಎತ್ತಿಕೊಂಡಿರುತ್ತವೆ. ಅವನ್ನು ತಂದು ವಿಕಿಪೀಡಿಯಕ್ಕೇ ಆಧಾರವಾಗಿ ಕೊಟ್ಟರೆ ತಪ್ಪು ತನ್ನ ಬಾಲವನ್ನು ತಾನೇ ಹಿಡಿದು ಸುತ್ತತೊಡಗುತ್ತದೆ. ಘಟನೆಯ ಕಾಲದ ವರದಿ, ಸರಕಾರಿ ರಾಜಪತ್ರ, ಸಂಶೋಧಕರ ಪುಸ್ತಕ, ಸಂಸ್ಥೆಯ ಶತಮಾನೋತ್ಸವ ಸಂಪುಟ ಇವುಗಳಲ್ಲಿ ಯಾವುದಾದರೂ ಒಂದರ ಜೊತೆ ತಾಳೆ ನೋಡುವುದು ಕ್ಷೇಮ. ಶತಮಾನೋತ್ಸವ ಸಂಪುಟ ತನ್ನ ಸಂಸ್ಥೆಯನ್ನು ‘ಏಷ್ಯಾದಲ್ಲೇ ಮೊದಲು’ ಎಂದು ಹೊಗಳಿಕೊಂಡಿದ್ದರೆ ತಾರೀಖನ್ನು ತೆಗೆದುಕೊಂಡು ಹೊಗಳಿಕೆಯನ್ನು ಅಲ್ಲೇ ಬಿಡಬೇಕು.

ಎರಡು ತಾರೀಖುಗಳ ಜಗಳ

ಸಂಸ್ಥೆಗಳಿಗೆ ಮನುಷ್ಯರ ಹಾಗೆ ಒಂದೇ ಹುಟ್ಟಿದ ದಿನ ಇರುವುದಿಲ್ಲ. ಮದರಾಸು ಕಾರ್ಪೊರೇಷನ್ನನ್ನೇ ನೋಡಿ. ಇಂಗ್ಲೆಂಡಿನ ದೊರೆ ಎರಡನೇ ಜೇಮ್ಸ್‌ನ ಕಾಲದಲ್ಲಿ ಸನ್ನದು ಹೊರಟದ್ದು 1687ರ ಡಿಸೆಂಬರ್ 30ರಂದು, ಮೇಯರ್ ಮತ್ತು ಸದಸ್ಯರೊಂದಿಗೆ ಕಾರ್ಪೊರೇಷನ್ ಉದ್ಘಾಟನೆಯಾದದ್ದು 1688ರ ಸೆಪ್ಟೆಂಬರ್ 29ರಂದು. ಹಡಗಿನಲ್ಲಿ ಕಾಗದ ಬರಬೇಕಿದ್ದ ಕಾಲ. ಮದರಾಸು ಹೈಕೋರ್ಟಿನದೂ ಇದೇ ಕಥೆ: ರಾಣಿಯ ಆಜ್ಞಾಪತ್ರ 1862ರ ಜೂನ್ 26ರದ್ದು, ನ್ಯಾಯಾಲಯ ಬಾಗಿಲು ತೆರೆದದ್ದು ಅದೇ ವರ್ಷದ ಆಗಸ್ಟ್ 15ಕ್ಕೆ. ಎರಡರಲ್ಲಿ ಯಾವುದನ್ನು ಹಿಡಿದರೂ ತಪ್ಪಿಲ್ಲ, ಕ್ರಿಯಾಪದ ಮಾತ್ರ ಅದಕ್ಕೆ ತಕ್ಕದ್ದಾಗಿರಬೇಕು. ‘ಆಜ್ಞಾಪತ್ರ ಹೊರಟಿತು’ ಎಂಬುದು ಜೂನಿಗೆ, ‘ಕಲಾಪ ಆರಂಭಿಸಿತು’ ಎಂಬುದು ಆಗಸ್ಟಿಗೆ. ‘ಅಸ್ತಿತ್ವಕ್ಕೆ ಬಂತು’ ಎಂದು ಬರೆದರೆ ಅಡ್ಡಗೋಡೆಯ ಮೇಲೆ ದೀಪ ಇಟ್ಟಂತಾಗುತ್ತದೆ. ಆಗಸ್ಟ್ 15ರ ಪಟ್ಟಿಯಲ್ಲಿ ಹೇಗೂ ಸ್ವಾತಂತ್ರ್ಯ ದಿನದ ಸಾಲು ಇದ್ದೇ ಇರುವುದರಿಂದ ಹೈಕೋರ್ಟನ್ನು ಜೂನಿಗೆ ಒಯ್ಯುವುದು ಜಾಣತನ. ಅಲ್ಲಿ ಅದಕ್ಕೆ ಉಸಿರಾಡಲು ಜಾಗವಿರುತ್ತದೆ.

ರಾಜ್ಯದ ಹೆಸರಿನ ವಿಷಯದಲ್ಲಿ ಜಗಳ ಇನ್ನೂ ಜೋರು. ಮದರಾಸು ರಾಜ್ಯಕ್ಕೆ ತಮಿಳುನಾಡು ಎಂದು ಹೆಸರಿಡುವ ನಿರ್ಣಯವನ್ನು ಸಿ. ಎನ್. ಅಣ್ಣಾದುರೈ ಸರಕಾರ ವಿಧಾನಸಭೆಯಲ್ಲಿ ಅಂಗೀಕರಿಸಿದ್ದು 1967ರ ಜುಲೈ 18ರಂದು. ಹೆಸರು ಕಾನೂನಾಗಿ ಜಾರಿಗೆ ಬಂದದ್ದು 1969ರ ಜನವರಿ 14ರಂದು, ಪೊಂಗಲ್ ಹೊತ್ತಿಗೆ. ರಾಜ್ಯದ ಗಡಿಗಳು ಭಾಷೆಯ ಆಧಾರದ ಮೇಲೆ ಬದಲಾದದ್ದು 1956ರ ನವೆಂಬರ್ 1ರಂದು. 2019ರಲ್ಲಿ ಆಗಿನ ಸರಕಾರ ನವೆಂಬರ್ 1ನ್ನು ತಮಿಳುನಾಡು ದಿನವೆಂದು ಆಚರಿಸಿತು. 2021ರಲ್ಲಿ ಬಂದ ಸರಕಾರ ಜುಲೈ 18 ಎಂದಿತು. ವಿಶ್ವಕೋಶದ ಸಂಪಾದಕರು ಈ ಎರಡು ಪಕ್ಷಗಳ ನಡುವೆ ಪಂಚಾಯಿತಿ ಮಾಡಬೇಕಾಗಿಲ್ಲ. ಜುಲೈ 18ಕ್ಕೆ ‘ನಿರ್ಣಯ ಅಂಗೀಕರಿಸಿತು’, ಜನವರಿ 14ಕ್ಕೆ ‘ಹೆಸರು ಜಾರಿಗೆ ಬಂತು’ ಎಂದಿಟ್ಟರೆ ಎರಡೂ ಸತ್ಯ. ಒಂದು ವರ್ಷ ಒಂದು, ಇನ್ನೊಂದು ವರ್ಷ ಇನ್ನೊಂದು ಎಂದು ಸರದಿ ಹಾಕಿಕೊಂಡರೂ ನಡೆದೀತು. ಕನ್ನಡ ಓದುಗರಿಗೆ ಈ ಗೊಂದಲ ಅಪರಿಚಿತವೇನಲ್ಲ. ನವೆಂಬರ್ 1 ನಮಗೂ ರಾಜ್ಯೋತ್ಸವ. 1956ರಲ್ಲಿ ವಿಶಾಲ ಮೈಸೂರು ರಾಜ್ಯವಾದದ್ದೂ 1973ರಲ್ಲಿ ಅದೇ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದದ್ದೂ ಅದೇ ತಾರೀಖಿಗೆ. ‘1956: ಕರ್ನಾಟಕ ರಾಜ್ಯ ಉದಯ’ ಎಂಬ ಸಾಲು ಪ್ರತಿ ವರ್ಷ ಎಲ್ಲೋ ಒಂದು ಕಡೆ ತಲೆ ಎತ್ತುತ್ತದೆ, ಹದಿನೇಳು ವರ್ಷ ಮುಂಚಿತವಾಗಿ.

ಪತ್ರಿಕೆಗಳದ್ದು ಮತ್ತೊಂದು ಬಗೆ. ‘ದಿ ಹಿಂದೂ’ 1878ರ ಸೆಪ್ಟೆಂಬರ್ 20ರಂದು ಮದರಾಸಿನಲ್ಲಿ ಶುರುವಾಯಿತು ಎಂಬುದು ಸರಿ. ‘ದಿನಪತ್ರಿಕೆ ಶುರುವಾಯಿತು’ ಎಂದರೆ ತಪ್ಪು. ಅದು ಹೊರಟದ್ದು ವಾರಪತ್ರಿಕೆಯಾಗಿ, ಎಂಬತ್ತು ಪ್ರತಿಗಳೊಂದಿಗೆ; ದಿನಪತ್ರಿಕೆಯಾದದ್ದು 1889ರ ಏಪ್ರಿಲ್ 1ರಂದು.

ನಡುರಾತ್ರಿಯ ಸಾವುಗಳಿಗೂ ಇಂಥದೇ ತೊಡಕು. ಸುಬ್ರಹ್ಮಣ್ಯ ಭಾರತಿ ತಿರುವಲ್ಲಿಕ್ಕೇಣಿಯ ಮನೆಯಲ್ಲಿ ತೀರಿಕೊಂಡದ್ದು 1921ರ ಸೆಪ್ಟೆಂಬರ್ 11ರ ರಾತ್ರಿ ಹನ್ನೆರಡು ದಾಟಿದ ಮೇಲೆ. ಹಾಗಾಗಿ ಕೆಲವೆಡೆ 11, ಕೆಲವೆಡೆ 12. ಮೇಲುಕೋಟೆಯಲ್ಲಿ ಹುಟ್ಟಿ, 1964ರ ‘ಚಿನ್ನದ ಗೊಂಬೆ’ ಎಂಬ ಕನ್ನಡ ಚಿತ್ರದಲ್ಲಿ ನಾಯಕಿಯಾಗಿ ಕಾಣಿಸಿಕೊಂಡು, ಆಮೇಲೆ ತಮಿಳುನಾಡನ್ನೇ ಆಳಿದ ಜಯಲಲಿತಾ 2016ರ ಡಿಸೆಂಬರ್ 5ರ ರಾತ್ರಿ ಹನ್ನೊಂದೂವರೆಗೆ ನಿಧನರಾದರೆಂದು ಆಸ್ಪತ್ರೆ ಪ್ರಕಟಿಸಿತು. ನಾಡಿನ ಬಹುಪಾಲು ಜನಕ್ಕೆ ಸುದ್ದಿ ಮುಟ್ಟಿದ್ದು ಆರನೇ ತಾರೀಖು. ಸುದ್ದಿ ಓದಿದ ದಿನ ಬೇರೆ, ಘಟನೆಯ ದಿನ ಬೇರೆ.

ಹತ್ತು ದಿನ ಎಲ್ಲಿ ಹೋದವು?

ಹಳೆಯ ಮದರಾಸಿನ ತಾರೀಖುಗಳಿಗೆ ಕೈಹಾಕುವವರು ಪಂಚಾಂಗದ ವ್ಯವಹಾರವನ್ನೂ ಸ್ವಲ್ಪ ತಿಳಿದಿರಬೇಕು. ಪೋಪ್ ಹದಿಮೂರನೇ ಗ್ರೆಗೊರಿಯ ತಿದ್ದುಪಡಿಯಂತೆ 1582ರ ಅಕ್ಟೋಬರ್ 4ರ ಮರುದಿನ ಅಕ್ಟೋಬರ್ 15 ಆಯಿತು. ಫ್ರಾನ್ಸ್ ಅದೇ ವರ್ಷ ಹೊಸ ಲೆಕ್ಕಕ್ಕೆ ಬಂತು. ಇಂಗ್ಲೆಂಡ್ ಮಾತ್ರ 1752ರವರೆಗೆ ಹಳೆಯ ಜೂಲಿಯನ್ ಲೆಕ್ಕವನ್ನೇ ಹಿಡಿದುಕೊಂಡಿತ್ತು. ಆ ವರ್ಷ ಸೆಪ್ಟೆಂಬರ್ 2ರ ಮರುದಿನ ಸೆಪ್ಟೆಂಬರ್ 14. 17ನೇ ಶತಮಾನದಲ್ಲಿ ಎರಡಕ್ಕೂ ಹತ್ತು ದಿನದ ಅಂತರ, 1700ರ ನಂತರ ಹನ್ನೊಂದು. ಕಂಪನಿಯ ಹಳೆಯ ಲೆಕ್ಕದ 1639ರ ಆಗಸ್ಟ್ 22 ನಮ್ಮ ಇಂದಿನ ಲೆಕ್ಕಕ್ಕೆ ಸೆಪ್ಟೆಂಬರ್ 1. ಇದನ್ನು ಕೇಳಿ ‘ಮದ್ರಾಸ್ ಡೇ’ಯನ್ನು ಮುಂದೂಡಿ ಎಂದು ಯಾರೂ ಹೇಳುವುದಿಲ್ಲ. ಆದರೆ ಒಂದೇ ಪಟ್ಟಿಯಲ್ಲಿ ಒಂದು ಸಾಲು ಹಳೆಯ ಲೆಕ್ಕದಲ್ಲಿ, ಇನ್ನೊಂದು ಹೊಸ ಲೆಕ್ಕದಲ್ಲಿ ಇರಬಾರದು ಎಂಬ ಎಚ್ಚರ ಬೇಕು.

ಇದರ ಅತ್ಯುತ್ತಮ ಉದಾಹರಣೆ 1746ರ ಸೆಪ್ಟೆಂಬರ್. ಲಾ ಬೂರ್ದೊನೆ ನಾಯಕತ್ವದ ಫ್ರೆಂಚರು ಮದರಾಸನ್ನು ಮುತ್ತಿದರು, ಇಂಗ್ಲಿಷರ ಸೇಂಟ್ ಜಾರ್ಜ್ ಕೋಟೆ ಶರಣಾಯಿತು. ಸೋತವರ ಕಡತದಲ್ಲಿ ಅದು ಸೆಪ್ಟೆಂಬರ್ 10, ಗೆದ್ದವರ ಕಡತದಲ್ಲಿ ಸೆಪ್ಟೆಂಬರ್ 21. ಒಂದೇ ಕೋಟೆ, ಒಂದೇ ದಿನ, ಎರಡು ತಾರೀಖು! ಎರಡು ಪುಸ್ತಕ ನೋಡಿದ ಇಬ್ಬರು ಸಂಪಾದಕರು ಒಬ್ಬರನ್ನೊಬ್ಬರು ತಿದ್ದುತ್ತಲೇ ವರ್ಷ ಕಳೆಯಬಹುದು.

ವರ್ಷಾರಂಭವೂ ಮೋಸ ಮಾಡುತ್ತದೆ. ಆಗಿನ ಇಂಗ್ಲೆಂಡಿನ ಹೊಸ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ. ಡೇ ಮತ್ತು ಕೋಗನ್ ಕೋಟೆ ಕಟ್ಟಲು ಮದರಾಸಿಗೆ ಬಂದಿಳಿದ 1640ರ ಫೆಬ್ರವರಿ 20 ಅವರ ಲೆಕ್ಕಕ್ಕೆ ಇನ್ನೂ 1639ರ ಫೆಬ್ರವರಿ. ಗೊತ್ತಿಲ್ಲದವರು ಓದಿದರೆ ಅನುಮತಿಪತ್ರಕ್ಕೆ ಆರು ತಿಂಗಳ ಮೊದಲೇ ಕೋಟೆಯ ಕೆಲಸ ಶುರುವಾದ ಹಾಗೆ ಕಾಣುತ್ತದೆ. 1752 ದಾಟಿದ ಮೇಲೆ ಮದರಾಸಿನ ಇಂಗ್ಲಿಷ್ ದಾಖಲೆಗಳಲ್ಲಿ ಈ ಕಾಟವಿಲ್ಲ.

ಯಾವುದನ್ನು ಇಟ್ಟುಕೊಳ್ಳುವುದು, ಯಾವುದನ್ನು ಬಿಡುವುದು

ಒಂದು ದಿನಕ್ಕೆ ನಾಲ್ಕೈದು ಸಾಲು ಸಾಕು. ಹುಡುಕಲು ಹೊರಟರೆ ಯಾವ ದಿನಕ್ಕೂ ನೂರು ಘಟನೆ ಸಿಗುತ್ತವೆ. ಮೇ 7ನ್ನು ತೆಗೆದುಕೊಳ್ಳೋಣ. 1861ರಲ್ಲಿ ರವೀಂದ್ರನಾಥ ಠಾಕೂರರ ಜನನ. 1895ರಲ್ಲಿ ಮದರಾಸಿನಲ್ಲಿ ವಿದ್ಯುತ್ ಟ್ರಾಮ್ ಸಂಚಾರದ ಆರಂಭ. 1915ರಲ್ಲಿ ಜರ್ಮನ್ ಜಲಾಂತರ್ಗಾಮಿಯ ದಾಳಿಗೆ ಸಿಕ್ಕಿ ಲುಸಿಟೇನಿಯಾ ಹಡಗು ಮುಳುಗಿತು. 1945ರಲ್ಲಿ ರ‍್ಯಾನ್ಸ್ ನಗರದಲ್ಲಿ ಜರ್ಮನಿಯ ಶರಣಾಗತಿಗೆ ಸಹಿ ಬಿತ್ತು. 1954ರಲ್ಲಿ ‘ಬೇಡರ ಕಣ್ಣಪ್ಪ’ ತೆರೆಗೆ ಬಂತು.

ಕನ್ನಡದ ಪಟ್ಟಿಯಲ್ಲಿ ಇವುಗಳಲ್ಲಿ ಯಾವುದು ನಿಲ್ಲಬೇಕು? ಎರಡು ಮಹಾಯುದ್ಧಗಳ ಸಾಲುಗಳಲ್ಲಿ ಒಂದನ್ನು ಈ ವರ್ಷ ಬಿಡಬಹುದು. ಠಾಕೂರರನ್ನು ಬಿಡುವಂತಿಲ್ಲ, ಆದರೆ ಬಂಗಾಳದಲ್ಲಿ ಅವರ ಜಯಂತಿಯನ್ನು ವೈಶಾಖದ 25ನೇ ದಿನಕ್ಕೆ ಆಚರಿಸುವುದರಿಂದ ಅದು ಇಂಗ್ಲಿಷ್ ತಾರೀಖಿಗೆ ಪ್ರತಿ ವರ್ಷ ಹೊಂದುವುದಿಲ್ಲ ಎಂಬುದು ಲೇಖನದಲ್ಲಿರಲಿ. ‘ಬೇಡರ ಕಣ್ಣಪ್ಪ’ವನ್ನು ಕನ್ನಡದ ವಿಶ್ವಕೋಶವೇ ಬಿಟ್ಟರೆ ಇನ್ಯಾರು ಇಟ್ಟುಕೊಳ್ಳಬೇಕು? ಕನ್ನಡ ಚಿತ್ರರಂಗ ಮದರಾಸಿನ ಸ್ಟುಡಿಯೊಗಳನ್ನೇ ನಂಬಿಕೊಂಡಿದ್ದ ಕಾಲದ ಚಿತ್ರವದು. ಹಾಗೆ ಟ್ರಾಮ್ ಮತ್ತು ಕಣ್ಣಪ್ಪ ಎರಡೂ ಮದರಾಸಿನ ನೆನಪಿಗೆ ಸೇರಿದವು. ಒಂದೇ ಊರಿನ ಎರಡು ಸಾಲು ಹೆಚ್ಚಾಯಿತು ಎನಿಸಿದರೆ ಟ್ರಾಮಿಗೆ ಬೇರೆ ದಾರಿ ಇದೆ: 1953ರ ಏಪ್ರಿಲ್ 12ರಂದು ಮದರಾಸಿನ ಟ್ರಾಮ್ ನಿಂತಿತು. ಆ ತಾರೀಖು ನೋಡಿದ ಕೂಡಲೇ ಕನ್ನಡಿಗರಿಗೆ ನೆನಪಾಗುವುದು 2006ರಲ್ಲಿ ಡಾ. ರಾಜಕುಮಾರ್ ನಿಧನರಾದ ದಿನ. ಅವರು ಕಣ್ಣಪ್ಪನಾಗಿ ತೆರೆಗೆ ಬಂದ ದಿನವೂ ಕೊನೆಯುಸಿರೆಳೆದ ದಿನವೂ ಮದರಾಸಿನ ಟ್ರಾಮಿಗೆ ಎದುರಾಗುವುದು ಕಾಕತಾಳೀಯ. ಸಂಪಾದಕರು ಅದಕ್ಕೆ ಬೆರಗಾಗಬಹುದು, ಸಾಲಿನಲ್ಲಿ ಬರೆಯುವಂತಿಲ್ಲ.

ಸೆಪ್ಟೆಂಬರ್ 5 ಇನ್ನೂ ಇಕ್ಕಟ್ಟಿನ ದಿನ. 1857ರಲ್ಲಿ ಮದರಾಸು ವಿಶ್ವವಿದ್ಯಾಲಯ, 1888ರಲ್ಲಿ ಎಸ್. ರಾಧಾಕೃಷ್ಣನ್ ಜನನ, 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಇಸ್ರೇಲಿ ಕ್ರೀಡಾಪಟುಗಳ ಒತ್ತೆ ಪ್ರಕರಣ, 1997ರಲ್ಲಿ ಮದರ್ ತೆರೇಸಾ ನಿಧನ, 2017ರಲ್ಲಿ ಬೆಂಗಳೂರಿನಲ್ಲಿ ಪತ್ರಕರ್ತೆ ಗೌರಿ ಲಂಕೇಶ್ ಹತ್ಯೆ. ಶಿಕ್ಷಕರ ದಿನ ಎಂಬುದಕ್ಕೆ ಪಟ್ಟಿಯ ಮೇಲ್ಭಾಗದಲ್ಲಿ ಪ್ರತ್ಯೇಕ ಜಾಗ ಕೊಟ್ಟರೆ ರಾಧಾಕೃಷ್ಣನ್ ಅಲ್ಲಿಗೆ ಹೋಗುತ್ತಾರೆ, ಒಂದು ಸಾಲು ಉಳಿಯುತ್ತದೆ. ಮದರಾಸು ವಿಶ್ವವಿದ್ಯಾಲಯವನ್ನು ‘ಅದು ತಮಿಳುನಾಡಿನದ್ದು’ ಎಂದು ತಳ್ಳಿಹಾಕುವವರಿಗೆ ಒಂದು ಮಾತು: 1956ರವರೆಗೆ ಮಂಗಳೂರು, ಉಡುಪಿ, ಕಾಸರಗೋಡು, ಕೊಳ್ಳೇಗಾಲಗಳೂ 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿಯೂ ಮದರಾಸು ಸರಕಾರದ ಕೆಳಗಿದ್ದವು. ಕರಾವಳಿಯ ಹಳೆಯ ತಲೆಮಾರಿನ ಪದವಿಪತ್ರಗಳ ಮೇಲೆ ಇದ್ದದ್ದು ಮದರಾಸು ವಿಶ್ವವಿದ್ಯಾಲಯದ ಮುದ್ರೆ. ಕನ್ನಡ ಕೈಫಿಯತ್ತುಗಳನ್ನು, ಅಂದರೆ ಸ್ಥಳೀಯ ಚರಿತ್ರೆಯ ಬರಹಗಳನ್ನು, ಊರೂರು ಅಲೆದು ಸಂಗ್ರಹಿಸಿದ ಕಾಲಿನ್ ಮೆಕೆಂಜಿಯ ಕಡತಗಳಲ್ಲಿ ದೊಡ್ಡ ಪಾಲು ಈಗಲೂ ಚೆನ್ನೈಯ ಸರಕಾರಿ ಪ್ರಾಚ್ಯ ಹಸ್ತಪ್ರತಿ ಗ್ರಂಥಾಲಯದಲ್ಲಿದೆ; ಅವನು ತೀರಿಕೊಂಡ 1821ರ ಮೇ 8 ಕನ್ನಡ ಪಟ್ಟಿಗೆ ಸಲ್ಲುವ ದಿನ.

ಐವತ್ತು, ನೂರು, ನೂರೈವತ್ತರಂಥ ದುಂಡು ಸಂಖ್ಯೆಗೆ ಸ್ವಲ್ಪ ಆದ್ಯತೆ ಇರಲಿ. ಬದುಕಿರುವವರ ಜನ್ಮದಿನ ಬೇಡ. ಅದನ್ನು ನೋಡಿಕೊಳ್ಳಲು ಫ್ಲೆಕ್ಸ್ ಬೋರ್ಡುಗಳಿವೆ. ಯುದ್ಧ, ಒಪ್ಪಂದ, ಸಾವುಗಳೇ ತುಂಬಿದ ದಿನಗಳಲ್ಲಿ ಒಂದು ಗ್ರಂಥಾಲಯ ಬಾಗಿಲು ತೆರೆದದ್ದನ್ನು ಹುಡುಕಿ ಹಾಕಿದರೆ ಪಟ್ಟಿಗೆ ಗಾಳಿಬೆಳಕು ಬರುತ್ತದೆ. ಎಗ್ಮೋರಿನ ಕನ್ನೆಮರ ಗ್ರಂಥಾಲಯ 1896ರ ಡಿಸೆಂಬರ್ 5ರಂದು ತೆರೆಯಿತು.

‘ಮೊದಲ’ ಎಂಬ ಬಲೆ

ದಿನಾಚರಣೆಯ ಸಾಲುಗಳಲ್ಲಿ ಅತಿ ಹೆಚ್ಚು ಎಡವಟ್ಟು ಆಗುವುದು ಈ ಒಂದು ವಿಶೇಷಣದಿಂದ. 1895ರ ಮದರಾಸಿನ ಟ್ರಾಮ್ ಭಾರತದ ಮೊದಲ ಟ್ರಾಮ್ ಅಲ್ಲ. ಕಲ್ಕತ್ತಾ, ಬೊಂಬಾಯಿಗಳಲ್ಲಿ 1870ರ ದಶಕದಲ್ಲೇ ಕುದುರೆಗಳು ಟ್ರಾಮ್ ಎಳೆದಿದ್ದವು. ಅದು ಮೊದಲ ವಿದ್ಯುತ್ ಟ್ರಾಮ್. 1856ರ ಜುಲೈ 1ರಂದು ರಾಯಪುರದಿಂದ ವಾಲಾಜಾ ರೋಡಿಗೆ ಹೊರಟದ್ದು ದಕ್ಷಿಣ ಭಾರತದ ಮೊದಲ ಪ್ರಯಾಣಿಕರ ರೈಲು. ‘ಮೊದಲ ರೈಲು’ ಎಂದರೆ 1837ರಲ್ಲೇ ರೆಡ್ ಹಿಲ್ಸ್‌ನಿಂದ ರಸ್ತೆ ಕೆಲಸಕ್ಕೆ ಕಲ್ಲು ಸಾಗಿಸಿದ ಹಳಿಗಳು ಎದ್ದು ಬಂದು ಆಕ್ಷೇಪಿಸುತ್ತವೆ. ರಾಯಪುರ ನಿಲ್ದಾಣವನ್ನು ಗವರ್ನರ್ ಲಾರ್ಡ್ ಹ್ಯಾರಿಸ್ ಉದ್ಘಾಟಿಸಿದ್ದು ಮೂರು ದಿನ ಮುಂಚೆ, ಜೂನ್ 28ರಂದು. ಇಲ್ಲಿಯೂ ನಿಲ್ದಾಣಕ್ಕೆ ಒಂದು ದಿನ, ಸಂಚಾರಕ್ಕೆ ಒಂದು ದಿನ.

ನಮ್ಮದೇ ಚಿತ್ರರಂಗಕ್ಕೆ ಬಂದರೆ ‘ಬೇಡರ ಕಣ್ಣಪ್ಪ’ವನ್ನು ‘ರಾಜಕುಮಾರ್ ಅವರ ಮೊದಲ ಚಿತ್ರ’ ಎಂದು ಬರೆಯುವುದು ರೂಢಿ. ಅವರು 1952ರ ‘ಶ್ರೀ ಶ್ರೀನಿವಾಸ ಕಲ್ಯಾಣ’ದಲ್ಲಿ ಸಣ್ಣ ಪಾತ್ರ ಮಾಡಿದ್ದರು. ‘ನಾಯಕನಾಗಿ ನಟಿಸಿದ ಮೊದಲ ಚಿತ್ರ’ ಎಂದರೆ ಎರಡು ಪದ ಹೆಚ್ಚಾಗುತ್ತದೆ, ಸತ್ಯ ಉಳಿಯುತ್ತದೆ. 1934ರ ಮಾರ್ಚ್ 3ರ ‘ಸತಿ ಸುಲೋಚನ’ವೂ ಹಾಗೆಯೇ. ‘ಭಕ್ತ ಧ್ರುವ’ದ ಚಿತ್ರೀಕರಣ ಮೊದಲೇ ಶುರುವಾಗಿತ್ತು, ತೆರೆಗೆ ಮೊದಲು ಬಂದದ್ದು ‘ಸತಿ ಸುಲೋಚನ’. ಆದ್ದರಿಂದ ‘ತೆರೆಕಂಡ ಮೊದಲ ಕನ್ನಡ ವಾಕ್ಚಿತ್ರ’.

ಕನ್ನಡದ ಸಾಲು ಕನ್ನಡದಂತೆ

ಇಂಗ್ಲಿಷ್ ಪಟ್ಟಿಯನ್ನು ಪಕ್ಕಕ್ಕಿಟ್ಟುಕೊಂಡು ಸಾಲುಸಾಲು ತರ್ಜುಮೆ ಮಾಡುವವರ ಕೈಯಲ್ಲಿ ಎಲ್ಲವೂ ‘ಲ್ಪಟ್ಟಿತು’, ‘ಲಾಯಿತು’ ಆಗುತ್ತದೆ. ‘ಮದರಾಸು ಸಂಗೀತ ಅಕಾಡೆಮಿ ಉದ್ಘಾಟಿಸಲ್ಪಟ್ಟಿತು’ ಎಂದರೆ ಯಾರು ಉದ್ಘಾಟಿಸಿದರು ಎಂಬುದೇ ಮಾಯ. ‘1928: ಸರ್ ಸಿ. ಪಿ. ರಾಮಸ್ವಾಮಿ ಅಯ್ಯರ್ ಮದರಾಸು ಸಂಗೀತ ಅಕಾಡೆಮಿಯನ್ನು ಉದ್ಘಾಟಿಸಿದರು’ ಎಂದಾಗ ಆಗಸ್ಟ್ 18ಕ್ಕೆ ಜೀವ ಬರುತ್ತದೆ. ಮಾಡಿದವರು ಗೊತ್ತಿರುವಲ್ಲಿ ಅವರನ್ನು ಮುಂದೆ ತರಬೇಕು.

ಪತ್ರಿಕೆಯ ಆವೇಶದ ಭಾಷೆಯನ್ನೂ ಹೊರಗಿಡಬೇಕು. 1914ರ ಸೆಪ್ಟೆಂಬರ್ 22ಕ್ಕೆ ‘ಕುಖ್ಯಾತ ಎಂಡೆನ್ ನೌಕೆಯ ಅಟ್ಟಹಾಸ’ ಎಂದು ಬರೆದರೆ ಓದುಗನಿಗೆ ಏನೂ ತಿಳಿಯಲಿಲ್ಲ. ‘ಮೊದಲ ಮಹಾಯುದ್ಧ: ಜರ್ಮನಿಯ ಎಂಡೆನ್ ಯುದ್ಧನೌಕೆ ರಾತ್ರಿ ವೇಳೆ ಮದರಾಸಿನ ಮೇಲೆ ಶೆಲ್ ದಾಳಿ ನಡೆಸಿತು, ಬಂದರಿನ ಬಳಿಯ ಬರ್ಮಾ ಆಯಿಲ್ ಕಂಪನಿಯ ತೈಲ ತೊಟ್ಟಿಗಳು ಹೊತ್ತಿ ಉರಿದವು’ ಎಂದರೆ ಅಟ್ಟಹಾಸವನ್ನು ಅವನೇ ಊಹಿಸಿಕೊಳ್ಳುತ್ತಾನೆ. 2004ರ ಡಿಸೆಂಬರ್ 26ರ ಸುನಾಮಿಗೆ ‘ರುದ್ರನರ್ತನ’ ಬೇಡ, ‘ಬಲಿ ಪಡೆಯಿತು’ ಬೇಡ. ಮರೀನಾದಲ್ಲಿ, ಪಟ್ಟಿನಪಾಕ್ಕಂನಲ್ಲಿ ತಮ್ಮವರನ್ನು ಕಳೆದುಕೊಂಡವರೂ ಈ ಸಾಲು ಓದಬಹುದು. ತೀರಿಕೊಂಡವರಿಗೆ ‘ನಿಧನರಾದರು’ ಸಾಕು. ‘ವಿಧಿವಶ’, ‘ಅಸ್ತಂಗತ’, ‘ಇಹಲೋಕ ಯಾತ್ರೆ’ಗಳು ಶ್ರದ್ಧಾಂಜಲಿ ಜಾಹೀರಾತಿಗೆ ಇರಲಿ.

ಕನ್ನಡಕ್ಕೇ ವಿಶಿಷ್ಟವಾದ ಕಷ್ಟ ಏಕವಚನ ಬಹುವಚನದ್ದು. ಹಳೆಯ ಅರಸರನ್ನು ‘ಗೆದ್ದ, ಆಳಿದ’ ಎನ್ನುವುದು ನಮ್ಮ ಇತಿಹಾಸ ಬರವಣಿಗೆಯ ರೂಢಿ, ಇತ್ತೀಚಿನವರಿಗೆ ‘ರು’. ಗೆರೆ ಎಲ್ಲಿ ಎಳೆಯಬೇಕು ಎಂಬುದಕ್ಕೆ ಒಮ್ಮತವಿಲ್ಲ. ಒಂದು ಸಂಗತಿಯಲ್ಲಿ ಮಾತ್ರ ರಾಜಿ ಬೇಡ: ಒಂದೇ ಸಾಲಿನಲ್ಲಿ ಟಿಪ್ಪು ‘ಸೋಲಿಸಿದ’, ಇಂಗ್ಲಿಷ್ ಕರ್ನಲ್ ‘ಶರಣಾದರು’ ಎಂದಾಗಬಾರದು, ಅದಕ್ಕೆ ವಿರುದ್ಧವಾಗಿಯೂ ಆಗಬಾರದು. 1780ರ ಸೆಪ್ಟೆಂಬರ್ 10ರಂದು ಕಾಂಚೀಪುರದ ಹತ್ತಿರ ಪೊಳ್ಳಿಲೂರಿನಲ್ಲಿ ಮೈಸೂರಿನ ಸೇನೆ ಕರ್ನಲ್ ವಿಲಿಯಂ ಬೇಲಿಯ ಪಡೆಯನ್ನು ಸೋಲಿಸಿತು. ‘ಸೇನೆ’, ‘ಪಡೆ’ ಎಂದರೆ ವಚನದ ಗೋಜೇ ಇಲ್ಲ. ಈ ಸಾಲಿಗೆ ಕೊಂಡಿ ಹಾಕುವಾಗ ಇನ್ನೊಂದು ಎಚ್ಚರ: ಆಗ ಕಾಂಚೀಪುರದಲ್ಲಿ ಬೀಡುಬಿಟ್ಟಿದ್ದ ಮನ್ರೊ ಹೆಕ್ಟರ್ ಮನ್ರೊ, ಮುಂದೆ ಮದರಾಸಿನ ಗವರ್ನರ್ ಆದ ಥಾಮಸ್ ಮನ್ರೊ ಅಲ್ಲ.

ವೆಲ್ಲೂರಿನ 1806ರ ಜುಲೈ 10ಕ್ಕೆ ಯಾವ ಪದ? ಕೆಲವರಿಗೆ ದಂಗೆ, ಕೆಲವರಿಗೆ ಬಂಡಾಯ, ಕೆಲವರಿಗೆ ಮೊದಲ ಸ್ವಾತಂತ್ರ್ಯ ಸಂಗ್ರಾಮ. ‘ವೆಲ್ಲೂರು ಕೋಟೆಯಲ್ಲಿ ಭಾರತೀಯ ಸಿಪಾಯಿಗಳು ಈಸ್ಟ್ ಇಂಡಿಯಾ ಕಂಪನಿಯ ವಿರುದ್ಧ ತಿರುಗಿಬಿದ್ದರು’ ಎಂದರೆ ಮೂವರೂ ಒಪ್ಪಬಹುದು. ಟಿಪ್ಪುವಿನ ಮಕ್ಕಳು ಅದೇ ಕೋಟೆಯಲ್ಲಿ ಸೆರೆಯಲ್ಲಿದ್ದರು ಎಂಬುದು ಕನ್ನಡ ಓದುಗರನ್ನು ಲೇಖನದ ಒಳಕ್ಕೆ ಕರೆದೊಯ್ಯುವ ಸಂಗತಿ, ಜಾಗವಿದ್ದರೆ ಸೇರಿಸಬೇಕು.

ಊರಿನ ಹೆಸರು ಆ ಕಾಲದ್ದೇ ಇರಲಿ. 1996ಕ್ಕೆ ಮೊದಲು ಮದರಾಸು, ಆಮೇಲೆ ಚೆನ್ನೈ. ರಾಜಕುಮಾರ್ ಹುಟ್ಟಿದ ಗಾಜನೂರಿಗೆ 1929ರಲ್ಲಿ ‘ತಮಿಳುನಾಡಿನ’ ಎಂದು ಬರೆದರೆ ಇಲ್ಲದ ರಾಜ್ಯವನ್ನು ಹಚ್ಚಿದಂತೆ. ‘ಈಗ ತಮಿಳುನಾಡಿನಲ್ಲಿರುವ’ ಎಂದರೆ ಸರಿ.

ಅರಳಿಕಟ್ಟೆಯಲ್ಲಿ ಕೂತು

ಕನ್ನಡ ವಿಕಿಪೀಡಿಯದಲ್ಲಿ ಸಮುದಾಯದ ಮಾತುಕತೆಯ ಪುಟಕ್ಕೆ ಅರಳಿಕಟ್ಟೆ ಎಂದು ಹೆಸರು. ಅನುಮಾನದ ತಾರೀಖುಗಳ ಜಾಗ ಅದು, ಅಥವಾ ಆಯಾ ಲೇಖನದ ಚರ್ಚಾಪುಟ. ಮುಖಪುಟದಲ್ಲಿ ತಿದ್ದಿ, ಮತ್ತೊಬ್ಬರು ತಿದ್ದಿದ್ದನ್ನು ಮರಳಿ ತಿದ್ದುವ ಆಟ ಯಾರಿಗೂ ಒಳಿತಲ್ಲ. ಹೈದರ್ ಅಲಿಯ ಕುದುರೆಸವಾರರು 1769ರಲ್ಲಿ ಮದರಾಸಿನ ಬಾಗಿಲಿಗೇ ಬಂದು ನಿಂತು ಕಂಪನಿಯಿಂದ ಒಪ್ಪಂದ ಬರೆಸಿಕೊಂಡದ್ದು ಕನ್ನಡಿಗರಿಗೆ ಪ್ರಿಯವಾದ ಕಥೆ. ಗೆದ್ದ ಪ್ರದೇಶಗಳನ್ನು ಪರಸ್ಪರ ಹಿಂದಿರುಗಿಸುವುದು, ಒಬ್ಬರ ಮೇಲೆ ದಾಳಿಯಾದರೆ ಇನ್ನೊಬ್ಬರು ನೆರವಿಗೆ ಬರುವುದು ಅದರ ಮುಖ್ಯ ಅಂಶಗಳು. ಮರಾಠರು ಮೈಸೂರಿನ ಮೇಲೆ ಬಂದಾಗ ಕಂಪನಿ ನೆರವು ಕೊಡಲಿಲ್ಲ. ಈ ಒಪ್ಪಂದದ ತಾರೀಖು ಮಾತ್ರ ಪುಸ್ತಕದಿಂದ ಪುಸ್ತಕಕ್ಕೆ ಮಾರ್ಚ್ ಕೊನೆಯಿಂದ ಏಪ್ರಿಲ್ ಮೊದಲ ವಾರದವರೆಗೆ ಓಡಾಡುತ್ತದೆ. ಇಂಥ ಸಾಲನ್ನು ಒಪ್ಪಂದದ ಮೂಲ ಪಾಠ ಅಚ್ಚಾಗಿರುವ ಸಂಪುಟದೊಂದಿಗೆ ತಾಳೆ ನೋಡುವವರೆಗೆ ಕಾಯ್ದಿರಿಸಬೇಕು. ಯಾವ ಆವೃತ್ತಿ, ಯಾವ ಪುಟ ಎಂದು ಚರ್ಚಾಪುಟದಲ್ಲಿ ಬರೆದಿಟ್ಟರೆ ಮುಂದಿನವರು ಅಲ್ಲಿಂದ ಮುಂದುವರಿಯುತ್ತಾರೆ.

ಮುಂದಿನ ಕೆಲವು ವರ್ಷಗಳಲ್ಲಿ ದುಂಡು ಸಂಖ್ಯೆಗಳು ಸಾಲಾಗಿ ಬರುತ್ತಿವೆ. 2028ರ ಆಗಸ್ಟ್ 18ಕ್ಕೆ ಸಂಗೀತ ಅಕಾಡೆಮಿಗೆ ನೂರು, ಅದೇ ಸೆಪ್ಟೆಂಬರ್ 20ಕ್ಕೆ ‘ದಿ ಹಿಂದೂ’ಗೆ ನೂರೈವತ್ತು. 2029ರ ಏಪ್ರಿಲ್ 24ಕ್ಕೆ ರಾಜಕುಮಾರ್ ಜನ್ಮಶತಮಾನ. 2034ರ ಮಾರ್ಚ್ 3ಕ್ಕೆ ಕನ್ನಡ ವಾಕ್ಚಿತ್ರಕ್ಕೆ ನೂರು. 2039ರ ಆಗಸ್ಟ್ 22ಕ್ಕೆ ವೆಂಕಟಾದ್ರಿ ನಾಯಕನ ಪತ್ರಕ್ಕೆ ನಾನೂರು ವರ್ಷ. ಸಾಲು ಬರೆಯಲು ಹಿಂದಿನ ರಾತ್ರಿ ಸಾಕು. ಆ ಸಾಲಿನ ಹಿಂದಿರಬೇಕಾದ ಲೇಖನಗಳಿಗೆ ಉಲ್ಲೇಖ ಹುಡುಕಲು, ಚುಟುಕುಗಳನ್ನು ಬೆಳೆಸಲು, ದಾಮರ್ಲ ವೆಂಕಟಾದ್ರಿ ನಾಯಕನ ಬಗ್ಗೆ ಕನ್ನಡದಲ್ಲಿ ನಾಲ್ಕು ಪ್ಯಾರಾ ಸೇರಿಸಲು ವರ್ಷಗಳೇ ಬೇಕು. ಚೆನ್ನೈಯಲ್ಲಿರುವ ಕನ್ನಡಿಗರಿಗೆ ಕನ್ನೆಮರ ಗ್ರಂಥಾಲಯವೂ ಹಸ್ತಪ್ರತಿ ಗ್ರಂಥಾಲಯವೂ ಬಸ್ಸಿನ ದೂರದಲ್ಲಿವೆ.